ಹ್ಯಾಂಡ್‌ಬ್ರೇಕ್ ಹಾಕಿ ಜ್ಯಾಕ್ ಕೊಟ್ಟರೆ ಹಿಂದಿನ ಬ್ರೇಕ್ ಶೂ ಮನೆಯಲ್ಲೇ ಬದಲಾಯಿಸಬಹುದಾ? 2 ಟನ್ ಜ್ಯಾಕ್ ಸಾಕಾ, 3 ಟನ್ ಬೇಕಾ?

"ಹ್ಯಾಂಡ್‌ಬ್ರೇಕ್ ಹಾಕಿರ್ತೀನಿ, ಅರ್ಧ ಗಂಟೆ ಕೆಲಸ, ಕಾರಿನ ಕೆಳಗೆ ಹೋಗಲ್ಲ" ಅಂತ ಬರೆದಿದ್ದೀರಿ. ಇದೇ ಮೂರು ಮಾತನ್ನು ನಾನೂ ನನ್ನ ಹೆಂಡತಿಗೆ ಹೇಳಿದ್ದೆ. ಒಂದು ಮಾತ್ರ ಸುಳ್ಳಾಗಲಿಲ್ಲ. ಕಾರಿನ ಕೆಳಗೆ ನಾನು ನಿಜಕ್ಕೂ ಹೋಗಿರಲಿಲ್ಲ. ಕೈ ಮಾತ್ರ ಹೋಗಿತ್ತು.

ನನ್ನದೂ ಹಿಂದಿನ ಬ್ರೇಕ್ ಶೂ ಸವೆದಿತ್ತು. ಇಂಜಿನ್ ಮುಂದಿನ ಚಕ್ರಗಳನ್ನು ತಿರುಗಿಸುವ ಸಣ್ಣ ಕಾರು. ಅದರ ಜೊತೆಗೇ ಬಂದಿದ್ದ ಕತ್ತರಿ ಜ್ಯಾಕ್ ತೆಗೆದೆ. ಎಡಗಡೆ ಹಿಂದಿನ ಮೂಲೆ ಎತ್ತಿದೆ, ಚಕ್ರ ಬಿಚ್ಚಿ ಗೋಡೆಗೆ ಒರಗಿಸಿದೆ. ಶೂಗಳನ್ನು ಮುಚ್ಚಿಕೊಂಡು ಚಕ್ರದ ಜೊತೆ ತಿರುಗುವ ಡ್ರಮ್ ಎಳೆದರೆ ಬರಲೊಲ್ಲದು. ಆಮೇಲೆ ನೆನಪಾಯಿತು: ಹ್ಯಾಂಡ್‌ಬ್ರೇಕ್ ಹಾಕಿದ್ದರೆ ಶೂಗಳು ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿದಿರುತ್ತವೆ, ಅದು ಬರುವುದಾದರೂ ಹೇಗೆ? ಎದ್ದು ಹೋಗಿ, ಬಾಗಿಲಿನಿಂದ ಬಗ್ಗಿ, ಹ್ಯಾಂಡ್‌ಬ್ರೇಕ್ ಇಳಿಸಿದೆ. ಕಾರು ಅಲುಗಲಿಲ್ಲ. ನೋಡಿ, ಏನೂ ಆಗಲಿಲ್ಲವಲ್ಲ ಅಂದುಕೊಂಡೆ. ವಾಪಸ್ ಬಂದು ಕೂತು, ಎಡಗೈಯಲ್ಲಿ ಡ್ರಮ್ಮನ್ನು ಕೆಳಗಿನಿಂದ ಹಿಡಿದು ಬಲಗೈಯಲ್ಲಿ ಸುತ್ತಿಗೆ ಏಟು ಕೊಟ್ಟೆ. ಎರಡನೇ ಏಟಿಗೆ ಕಾರು ಮುಂದಕ್ಕೆ ಹೊರಟಿತು.

ಹೊರಟಿತು ಅಂದರೆ ಓಡಲಿಲ್ಲ. ನಾಲ್ಕು ಬೆರಳಿನಷ್ಟು ಸರಿದಿರಬೇಕು. ಕತ್ತರಿ ಜ್ಯಾಕಿನ ತಳ ಅಂಗೈ ಅಗಲ ಇರುತ್ತದೆ. ಅದರ ತಲೆ ಕಾರಿನ ಜೊತೆ ಹೋಯಿತು, ತಳ ನಿಂತಲ್ಲೇ ನಿಂತಿತು, ಜ್ಯಾಕ್ ಮಗುಚಿತು. ಡ್ರಮ್ ಧೊಪ್ಪೆಂದು ನೆಲಕ್ಕೆ ಬಿತ್ತು. ನಡುವೆ ನನ್ನ ಎರಡು ಬೆರಳು.

ಹೆಂಡತಿ ಓಡಿ ಬಂದಳು. ಬಿದ್ದಿದ್ದ ಜ್ಯಾಕ್ ಎಳೆದಳು, ತಿರುಪು ತಿರುಗಿಸಿ ತಗ್ಗಿಸಿದಳು. ಅದನ್ನು ಮತ್ತೆ ಇಡುವ ಮೊದಲು ಹೋಗಿ ಎರಡು ಕಲ್ಲು ತಂದು ಮುಂದಿನ ಟೈರಿಗೆ ಕೊಟ್ಟಳು. ನಾನು ಹೇಳಿರಲಿಲ್ಲ. ಅವಳು ಒಂದು ದಿನವೂ ಕಾರಿನ ಬಾನೆಟ್ ಎತ್ತಿ ನೋಡಿದವಳಲ್ಲ. ನನ್ನ ಉಂಗುರದ ಬೆರಳಿನ ತುದಿಗೆ ಈಗಲೂ ಬಿಸಿ, ತಣ್ಣಗೆ ಗೊತ್ತಾಗುವುದಿಲ್ಲ.

ತಪ್ಪು ಎಲ್ಲಿ ಅಂತ ಆಮೇಲೆ ಎಷ್ಟು ಸಲ ಯೋಚಿಸಿದ್ದೇನೋ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ. ಹ್ಯಾಂಡ್‌ಬ್ರೇಕ್ ಹೆಚ್ಚಿನ ಕಾರುಗಳಲ್ಲಿ ಹಿಡಿಯುವುದು ಹಿಂದಿನ ಎರಡು ಚಕ್ರಗಳನ್ನು ಮಾತ್ರ. ಮುಂದಿನ ಚಕ್ರಗಳಿಗೂ ಅದಕ್ಕೂ ಸಂಬಂಧವೇ ಇಲ್ಲ. ಒಂದು ಹಿಂದಿನ ಚಕ್ರ ಎತ್ತಿದರೆ ಇನ್ನೊಂದು ಹಿಂದಿನ ಚಕ್ರ ಒಂದೇ ಇಡೀ ಕಾರನ್ನು ತಡೆದು ನಿಂತಿರುತ್ತದೆ. ಎರಡೂ ಎತ್ತಿದರೆ ಹ್ಯಾಂಡ್‌ಬ್ರೇಕ್ ಗಾಳಿಯಲ್ಲಿರುವ ಚಕ್ರಗಳನ್ನು ಹಿಡಿದುಕೊಂಡು ಕೂತಿರುತ್ತದೆ ಅಷ್ಟೇ. ನನ್ನ ಕಾರಿನಲ್ಲಿ ಮುಂದಿನ ಚಕ್ರಗಳನ್ನು ಹಿಡಿಯಬಹುದಾಗಿದ್ದದ್ದು ಗೇರ್. ನಾನು ನಿಲ್ಲಿಸುವಾಗ ಯಾವತ್ತೂ ನ್ಯೂಟ್ರಲ್‌ಗೆ ಹಾಕಿ ಹ್ಯಾಂಡ್‌ಬ್ರೇಕ್ ಎಳೆಯುವವನು. ಅವತ್ತೂ ಅದೇ ಅಭ್ಯಾಸ. ಹಾಗಾಗಿ ಹ್ಯಾಂಡ್‌ಬ್ರೇಕ್ ಇಳಿಸಿದ ಕ್ಷಣದಿಂದ ಕಾರನ್ನು ಹಿಡಿದದ್ದು ಏನೂ ಇಲ್ಲ, ಬರೀ ಜಡತನ. ನೆಲ ಸಮ ಇದೆ ಅಂದುಕೊಂಡಿದ್ದೆ. ಮಳೆನೀರು ನಿಲ್ಲದಿರಲಿ ಅಂತ ಕಟ್ಟಿಸುವಾಗಲೇ ಅಂಗಳಕ್ಕೆ ವಾಟ ಕೊಟ್ಟಿರುತ್ತಾರೆ, ಕಣ್ಣಿಗೆ ಕಾಣುವುದಿಲ್ಲ. ಸುತ್ತಿಗೆ ಏಟು ಆ ಜಡತನ ಮುರಿಯಿತು.

ಗೇರ್ ಹಾಕಿದ್ದರೆ ಸಾಕಿತ್ತಾ? ನನ್ನ ಕೆಲಸಕ್ಕೆ ಬಹುಶಃ ಸಾಕಿತ್ತು, ಮುಂದಿನ ಎರಡೂ ಚಕ್ರ ನೆಲದ ಮೇಲಿದ್ದವು. ಆದರೆ ಇದನ್ನೇ ನಂಬಿ ನಾಳೆ ಮುಂದಿನ ಒಂದು ಚಕ್ರ ಎತ್ತಿದಿರಿ ಅನ್ನಿ. ಎಡ, ಬಲ ಚಕ್ರಗಳು ಬೇರೆ ಬೇರೆಯಾಗಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇರುವುದರಿಂದ ಎತ್ತಿದ ಚಕ್ರ ಸುಮ್ನೆ ಹಿಮ್ಮುಖ ತಿರುಗುತ್ತದೆ, ನೆಲದ ಮೇಲಿರುವುದು ಮುಂದಕ್ಕೆ ಉರುಳುತ್ತದೆ, ಗೇರ್ ಇದ್ದೂ ಇಲ್ಲದಂತೆ. ಆಟೋಮ್ಯಾಟಿಕ್ ಕಾರಿನ 'ಪಿ' (ಪಾರ್ಕಿಂಗ್) ಕೂಡ ಹಾಗೆಯೇ. ಆಗ ಹಿಂದಿನ ಹ್ಯಾಂಡ್‌ಬ್ರೇಕ್ ಒಂದೇ ಗತಿ. ಅದಕ್ಕೇ ಎತ್ತದ ತುದಿಯ ಎರಡೂ ಚಕ್ರಗಳಿಗೆ, ಮುಂದೂ ಹಿಂದೂ, ಕಲ್ಲೋ ಮರದ ತುಂಡೋ ಕೊಡಲೇಬೇಕು. ನಿಮ್ಮ ಹಿಂದಿನ ಚಕ್ರದ ಕೆಲಸಕ್ಕಾದರೆ, ಕಲ್ಲು ಕೊಟ್ಟು, ಗೇರ್ ಹಾಕಿ, ಆಮೇಲೆ ಬೇಕಾದರೆ ಹ್ಯಾಂಡ್‌ಬ್ರೇಕ್ ಇಳಿಸಿ.

ಈಗ ನಿಮ್ಮ ಟನ್ ಲೆಕ್ಕ. ಅದು ಪ್ರಶ್ನೆಯೇ ಅಲ್ಲ. 1000 ಕೆಜಿ ಕಾರಿನಲ್ಲಿ ಇಂಜಿನ್ ಮುಂದಿದ್ದರೆ 600 ಕೆಜಿಯಷ್ಟು ಮುಂದಿನ ಚಕ್ರಗಳ ಮೇಲಿರುತ್ತದೆ. ಹಿಂದಿನ ಒಂದು ಮೂಲೆಗೆ 200ರ ಆಸುಪಾಸು. ಯಾವ ಜ್ಯಾಕ್ ಬೇಕಾದರೂ ಎತ್ತುತ್ತದೆ. ನನ್ನ ಜ್ಯಾಕ್ ಭಾರ ತಾಳದೆ ಕುಸಿಯಲಿಲ್ಲ, ಕಾರು ಅದರ ಮೇಲಿಂದ ಇಳಿದುಹೋಯಿತು. ಜ್ಯಾಕ್ ಇರುವುದು ಎತ್ತಲಿಕ್ಕೆ. ಹೈಡ್ರಾಲಿಕ್ ಆದರೆ ಒಂದು ರಬ್ಬರ್ ಸೀಲ್ ಹೋದರೂ ಇಳಿಯುತ್ತದೆ. ಹೊರಲಿಕ್ಕೆ ಸ್ಟ್ಯಾಂಡ್ ಬೇಕು, ಅಂದರೆ ಎತ್ತಿದ ಕಾರಿನಡಿ ಇಡುವ ಕಬ್ಬಿಣದ ಕಾಲು. ಜ್ಯಾಕ್‌ಗೆ ಇಟ್ಟ ದುಡ್ಡಿನಲ್ಲಿ ಅರ್ಧ ತೆಗೆದು ಸ್ಟ್ಯಾಂಡಿಗೆ ಹಾಕಿ. ಸ್ಟ್ಯಾಂಡ್ ಮೇಲೆ ಬರೆದಿರುವ ಟನ್ ಒಂದಕ್ಕೋ ಜೋಡಿಗೋ ಅಂತ ಓದಿಕೊಳ್ಳಿ.

ಕಂಬದ ಹಲ್ಲಿಗೆ ಕೊಂಡಿ ಸಿಕ್ಕಿ ನಿಲ್ಲುವ ಸ್ಟ್ಯಾಂಡಿಗಿಂತ ತೂತಿಗೆ ದಪ್ಪ ಪಿನ್ ತೂರಿಸುವ ಸ್ಟ್ಯಾಂಡ್ ನನಗೆ ಇಷ್ಟ. 2020ರಲ್ಲಿ ಅಮೆರಿಕದ ಹಾರ್ಬರ್ ಫ್ರೇಟ್ ಕಂಪನಿ ತನ್ನ 3 ಟನ್, 6 ಟನ್ ಸ್ಟ್ಯಾಂಡ್‌ಗಳನ್ನು ಲಕ್ಷಗಟ್ಟಲೆ ವಾಪಸ್ ಕರೆಸಿಕೊಂಡಿತ್ತು, ಭಾರ ಅಲುಗಿದರೆ ಕೊಂಡಿ ಹಲ್ಲಿನಿಂದ ಜಾರಬಹುದು ಅಂತ. ಹಲ್ಲಿನದೇ ಇದ್ದರೆ ಕೊಂಡಿ ಪೂರ್ತಿ ಕೂತಿದೆಯಾ ಅಂತ ಕಣ್ಣಿನಿಂದ ನೋಡಿ, ಸದ್ದು ಕೇಳಿದರೆ ಸಾಲದು.

ಸಿಮೆಂಟಿನ ಹಾಲೋ ಬ್ಲಾಕ್ ಇಡ್ತೀನಿ ಅಂದಿದ್ದೀರಿ. ಬೇಡ, ದಯವಿಟ್ಟು. ಗೋಡೆಯಲ್ಲಿ ಭಾರ ಹರಡಿರುತ್ತದೆ, ಇಲ್ಲಿ ಒಂದೇ ಬಿಂದುವಿನ ಮೇಲೆ ಕೂರುತ್ತದೆ. ಬ್ಲಾಕ್ ಮುಂಚೆ ಸೂಚನೆ ಕೊಡದೆ ಒಮ್ಮೆಲೇ ಪುಡಿಯಾಗುತ್ತದೆ. ಮರವಾದರೆ ಮುರಿಯುವ ಮುಂಚೆ ಕರಕರ ಅನ್ನುತ್ತದೆ.

ಎಲ್ಲಿ ಎತ್ತಬೇಕು ಅನ್ನುವುದು ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿದೆ. ಬಾಗಿಲ ಕೆಳಗಿನ ಅಂಚಿನಲ್ಲಿ ಚಕ್ರದ ಹತ್ತಿರ ಗಟ್ಟಿ ಜಾಗಕ್ಕೆ ಗುರುತು ಇರುತ್ತದೆ. ಇಂಜಿನ್ ಕೆಳಗಿನ ಆಯಿಲ್ ಸಂಪ್‌ಗೆ (ಎಣ್ಣೆ ತೊಟ್ಟಿಗೆ), ನೆಲದ ತಗಡಿಗೆ ಜ್ಯಾಕ್ ಕೊಡಬೇಡಿ. ನಟ್‌ಗಳನ್ನು ಎತ್ತುವ ಮೊದಲೇ ಅರ್ಧ ಸುತ್ತು ಸಡಿಲ ಮಾಡಿ. ಎತ್ತಿದ ಮೇಲೆ ಪಾನಾ ಮೇಲೆ ಹತ್ತಿ ನಿಂತರೆ ಕಾರನ್ನೇ ಬೀಳಿಸುತ್ತೀರಿ. ಗಾಲಿ ಇರುವ ಜ್ಯಾಕ್ ಆದರೆ ಗಟ್ಟಿ, ನುಣುಪು ನೆಲದ ಮೇಲಿಡಿ. ಅದರ ತೋಳು ಮೇಲೇರುವಾಗ ಕಮಾನಿನಂತೆ ಹೋಗುತ್ತದೆ, ಜ್ಯಾಕ್ ಸ್ವಲ್ಪ ಉರುಳಿದರೆ ಸರಿ. ಜಲ್ಲಿಯಲ್ಲಿ ಗಾಲಿ ಸಿಕ್ಕಿಕೊಂಡರೆ ಕಾರನ್ನೇ ಎಳೆಯುತ್ತದೆ. ಸ್ಟ್ಯಾಂಡ್ ಮೇಲೆ ಕೂರಿಸಿದ ಮೇಲೆ ಕಾರನ್ನು ಹೆಗಲು ಕೊಟ್ಟು ಚೆನ್ನಾಗಿ ಅಲುಗಿಸಿ. ಬೀಳುವುದಿದ್ದರೆ ನೀವು ಹೊರಗಿರುವಾಗಲೇ ಬೀಳಲಿ.

ಮತ್ತೆ ಬಿಚ್ಚಿದ ಚಕ್ರ. ನಾನು ಗೋಡೆಗೆ ಒರಗಿಸಿದೆ ಅಂದೆನಲ್ಲ, ಅಲ್ಲಿಂದ ಕಾರಿಗೆ ಎರಡು ಮಾರು ದೂರ. ಅದನ್ನು ಬಾಗಿಲ ಕೆಳಗಿನ ಅಂಚಿನಡಿ ಮಲಗಿಸಿದ್ದರೆ ಕಾರು ಅದರ ಮೇಲೇ ಬಿದ್ದು ನಿಲ್ಲುತ್ತಿತ್ತು. ಖರ್ಚಿಲ್ಲದ ಕೆಲಸ. ಇದೊಂದನ್ನು ಯಾಕೆ ಮಾಡಲಿಲ್ಲ ಅಂತ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಕೊನೆಗೆ ಆ ಡ್ರಮ್ ಬಿಚ್ಚಿದ್ದು ಗ್ಯಾರೇಜಿನ ಹುಡುಗ. ಡ್ರಮ್ ಮುಖದ ಮೇಲೆ ಒಳಗೆ ತಿರುಪಿನ ಗೆರೆ ಕೊರೆದ ಎರಡು ತೂತುಗಳಿದ್ದವು. ಎರಡು ಬೋಲ್ಟ್ ಹಾಕಿ ಸರದಿಯ ಮೇಲೆ ತಿರುಗಿಸುತ್ತಾ ಹೋದ, ಡ್ರಮ್ ತಾನಾಗಿ ಹೊರಗೆ ಬಂತು. ಸುತ್ತಿಗೆ ಮುಟ್ಟಲೇ ಇಲ್ಲ. ನಿಮ್ಮದರಲ್ಲೂ ಆ ತೂತು ಇವೆಯಾ ಅಂತ ಮೊದಲು ನೋಡಿ.