ಬಟ್ಟೆಗೆ ಹತ್ತಿದ ಸನ್‌ಸ್ಕ್ರೀನ್: ಕಂದು ಕಲೆ ಬೇರೆ, ಕಿತ್ತಳೆ ಕಲೆ ಬೇರೆ

ಪ್ರಶ್ನೆ: ಮುಖಕ್ಕೂ ಕುತ್ತಿಗೆಗೂ ನಿತ್ಯ ಬಣ್ಣಮಿಶ್ರಿತ, ಅಂದರೆ ಟಿಂಟೆಡ್ ಸನ್‌ಸ್ಕ್ರೀನ್ ಹಚ್ಚಿಕೊಳ್ಳುತ್ತೇನೆ. ಬಿಳಿ ಹತ್ತಿ ಅಂಗಿಯ ಕಾಲರಿನ ಒಳಮಗ್ಗುಲಿಗೆ ಕಂದು ಬಣ್ಣ ಹತ್ತಿಕೊಂಡಿದೆ. ಕಂಡ ಕೂಡಲೇ ನೀರು ಹಾಕಿ, ಸೋಪು ಹಚ್ಚಿ ಬ್ರಷ್ಷಿನಿಂದ ಉಜ್ಜಿದೆ. ಕಲೆ ಹೋಗುವ ಬದಲು ಇನ್ನಷ್ಟು ಅಗಲವಾಯಿತು. ಇದನ್ನು ತೆಗೆಯುವ ಬಗೆ ಹೇಗೆ?

ಉತ್ತರ: ಬಹಳಷ್ಟು ಜನ ಮೊದಲು ಮಾಡುವುದು ಇದನ್ನೇ, ಆದರೆ ಈ ಕಲೆಗೆ ಮೊದಲು ನೀರು ತಾಗಿಸುವುದೂ ಬ್ರಷ್ಷಿನಿಂದ ಉಜ್ಜುವುದೂ ಸಲ್ಲದು. ಬೆವರಿಗೂ ನೀರಿಗೂ ಜಗ್ಗದಂತೆ ಚರ್ಮದ ಮೇಲೆ ನಿಲ್ಲಬೇಕೆಂದು ಸನ್‌ಸ್ಕ್ರೀನಿನಲ್ಲಿ ಎಣ್ಣೆ, ಮೇಣ, ಸಿಲಿಕೋನ್‌ಗಳನ್ನು ಸೇರಿಸಿರುತ್ತಾರೆ. ಚರ್ಮದ ಮೇಲೆ ನೀರಿಗೆ ಬಿಡದ ಜಿಡ್ಡು ಬಟ್ಟೆಯ ಮೇಲೂ ಬಿಡುವುದಿಲ್ಲ. ಅದರೊಳಗೆ ಕುಳಿತಿರುವ ಬಣ್ಣ ಐರನ್ ಆಕ್ಸೈಡ್‌ಗಳದು. ಕೆಂಪು, ಹಳದಿ ಮತ್ತು ಕಪ್ಪು ಐರನ್ ಆಕ್ಸೈಡ್‌ಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ ಮೈಬಣ್ಣಕ್ಕೆ ಹೊಂದುವ ಛಾಯೆಯನ್ನು ತರುತ್ತಾರೆ. ಡಬ್ಬಿಯ ಮೇಲಿನ ಪದಾರ್ಥಗಳ ಪಟ್ಟಿಯಲ್ಲಿ 77491, 77492, 77499 ಎಂಬ ಸಂಖ್ಯೆಗಳು ಕಂಡರೆ ಅವು ಕ್ರಮವಾಗಿ ಈ ಮೂರು ಬಣ್ಣಗಳು. ಇವು ಬಹು ನುಣುಪಾದ ಖನಿಜದ ಪುಡಿಗಳು. ನೀರಿನಲ್ಲಾಗಲಿ, ಸೋಪಿನಲ್ಲಾಗಲಿ ಕರಗುವುದಿಲ್ಲ, ಬ್ಲೀಚಿಗೆ ಬಣ್ಣ ಕಳೆದುಕೊಳ್ಳುವುದೂ ಇಲ್ಲ. ಆದ್ದರಿಂದ ಬಣ್ಣವನ್ನು ಕರಗಿಸುವ ಯೋಚನೆಯನ್ನು ಬಿಟ್ಟು, ಅದನ್ನು ನೂಲಿಗೆ ಅಂಟಿಸಿರುವ ಜಿಡ್ಡನ್ನು ಸಡಿಲಿಸಿ, ಪುಡಿಯನ್ನು ನೂಲಿನಿಂದಾಚೆ ಸಾಗಿಸುವ ಕಡೆಗೆ ಗಮನ ಕೊಡಬೇಕು. ಉಜ್ಜಿದಾಗ ಪುಡಿ ನೂಲಿನ ಸಂದಿಗೆ ಮತ್ತಷ್ಟು ಆಳಕ್ಕೆ ಇಳಿಯುತ್ತದೆ. ನಿಮ್ಮ ಅಂಗಿಯಲ್ಲಿ ಕಲೆ ಅಗಲವಾದುದೂ ಹೀಗೆಯೇ.

ಕಲೆ ಇನ್ನೂ ಹಸಿಯಾಗಿದ್ದರೆ ಮೇಲೆ ನಿಂತಿರುವ ಲೇಪವನ್ನು ಚಮಚದ ಅಂಚಿನಿಂದ ಮೆಲ್ಲಗೆ ಎತ್ತಿ ತೆಗೆದು, ಮೆಕ್ಕೆಜೋಳದ ಪಿಷ್ಟವನ್ನೋ (ಕಾರ್ನ್ ಫ್ಲೋರ್) ಟಾಲ್ಕಂ ಪೌಡರನ್ನೋ ಉದುರಿಸಿ ಹದಿನೈದು ನಿಮಿಷ ಬಿಟ್ಟು ಕೊಡವಿ. ನಿಮ್ಮ ಅಂಗಿಯಲ್ಲಿ ಆ ಹಂತ ದಾಟಿದೆ. ಈಗ ಅಂಗಿಯನ್ನು ನೆರಳಿನಲ್ಲಿ ಒಣಗಿಸಿ, ಕಾಲರಿನ ಕಲೆಯಿರುವ ಮಗ್ಗುಲನ್ನು ಕೆಳಮುಖವಾಗಿ ನಾಲ್ಕು ಮಡಿಕೆಯ ಬಿಳಿ ಬಟ್ಟೆಯ ಮೇಲಿಡಿ. ಬಣ್ಣ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಬೇಕಾದ್ದರಿಂದ ಕಲೆಯ ಬೆನ್ನಿನ ಕಡೆಯಿಂದ ಕೆಲಸ ಮಾಡಬೇಕು. ಪಾತ್ರೆ ತೊಳೆಯುವ ದ್ರವವನ್ನು, ಬಣ್ಣವಿಲ್ಲದ್ದು ಸಿಕ್ಕರೆ ಒಳ್ಳೆಯದು, ನೀರು ಬೆರೆಸದೆ ನಾಲ್ಕಾರು ಹನಿ ಹಾಕಿ ಬೆರಳ ತುದಿಯಿಂದ ಒತ್ತಿ ಒತ್ತಿ ಇಳಿಸಿ. ಅಂಚಿನಿಂದ ಆರಂಭಿಸಿ ನಡುವಿಗೆ ಬನ್ನಿ. ಹತ್ತು ಹದಿನೈದು ನಿಮಿಷದ ಬಳಿಕ ಅಂಗಿಯನ್ನೆತ್ತಿ ನೋಡಿದರೆ ಕೆಳಗಿನ ಬಟ್ಟೆಯ ಮೇಲೆ ಕಂದು ಗುರುತು ಮೂಡಿರುತ್ತದೆ. ಆ ಬಟ್ಟೆಯ ಶುಚಿಯಾದ ಭಾಗವನ್ನು ಕಾಲರಿನ ಕೆಳಕ್ಕೆ ಸರಿಸಿ ಮತ್ತೆ ಒತ್ತಿ. ಹೊಸ ಗುರುತು ಮೂಡುವುದು ನಿಲ್ಲುವವರೆಗೂ ಇದನ್ನು ಮುಂದುವರಿಸಬೇಕು. ಇಲ್ಲಿ ತಾಳ್ಮೆ ವಹಿಸಿದಷ್ಟೂ ಮುಂದಿನ ಒಗೆತ ಸುಲಭವಾಗುತ್ತದೆ.

ಜಿಡ್ಡು ಜಗ್ಗದಿದ್ದಲ್ಲಿ ಔಷಧಿ ಅಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೊಹಾಲನ್ನು ಹತ್ತಿಯ ಉಂಡೆಗೆ ತಾಗಿಸಿ ಇದೇ ಕ್ರಮದಲ್ಲಿ ಒತ್ತಬಹುದು. ಬಣ್ಣದ ಬಟ್ಟೆಯಾದರೆ ಮೊದಲು ಒಳಹೊಲಿಗೆಯ ಮೇಲೆ ಒಂದು ಹನಿ ಹಾಕಿ ಬಣ್ಣ ಬಿಡುತ್ತದೆಯೇ ಎಂದು ಪರೀಕ್ಷಿಸುವುದು ಕಡ್ಡಾಯ. ಇದು ಬೇಗ ಹೊತ್ತಿಕೊಳ್ಳುವ ದ್ರವವಾದ್ದರಿಂದ ಒಲೆಯಿಂದ ದೂರ, ಗಾಳಿಯಾಡುವ ಕಡೆ ಕೆಲಸ ಮಾಡಿ. ಆಮೇಲೆ ಬಟ್ಟೆಗೆ ಹೊಲಿದಿರುವ ಲೇಬಲ್ಲಿನಲ್ಲಿ ಅನುಮತಿಸಿರುವಷ್ಟು ಬಿಸಿಯ ನೀರಿನಲ್ಲಿ, ಹತ್ತಿಗೆ ಸಾಮಾನ್ಯವಾಗಿ 40 ಡಿಗ್ರಿ ಸೆಲ್ಸಿಯಸ್ ಸಾಕು, ದ್ರವ ಡಿಟರ್ಜೆಂಟಿನಿಂದ ಒಗೆದು ಧಾರಾಳ ನೀರಿನಲ್ಲಿ ಜಾಲಾಡಿಸಿ. ಕಲೆ ಪೂರ್ತಿ ಹೋಗಿದೆಯೆಂದು ಒಳ್ಳೆಯ ಬೆಳಕಿನಲ್ಲಿ ನೋಡಿ ಖಚಿತಪಡಿಸಿಕೊಳ್ಳುವ ತನಕ ಇಸ್ತ್ರಿ ಮಾಡಬೇಡಿ, ಡ್ರೈಯರಿಗೂ ಹಾಕಬೇಡಿ. ಕಾವು ತಾಗಿದರೆ ಉಳಿದ ಜಿಡ್ಡು ನೂಲಿಗೆ ಕಚ್ಚಿಕೊಳ್ಳುತ್ತದೆ, ಆಮೇಲೆ ತೆಗೆಯುವುದು ಹಲವು ಪಟ್ಟು ಕಷ್ಟ.

ಪ್ರಶ್ನೆ: ನನ್ನ ಬಿಳಿ ಅಂಗಿಯಲ್ಲಿ ಕಂದು ಕಲೆ ಹೋದಂತೆ ಕಂಡಿತ್ತು. ಕೊನೆಯದಾಗಿ ಕ್ಲೋರಿನ್ ಬ್ಲೀಚಿನಲ್ಲಿ ನೆನೆಸಿ ತೆಗೆದಾಗ ಅದೇ ಜಾಗ ಕಿತ್ತಳೆ ಬಣ್ಣಕ್ಕೆ ತಿರುಗಿದೆ. ಇನ್ನಷ್ಟು ಬ್ಲೀಚ್ ಹಾಕಬೇಕೇ?

ಉತ್ತರ: ದಯವಿಟ್ಟು ಬೇಡ. ಈಗ ಕಾಣುತ್ತಿರುವುದು ಹಳೆಯ ಬಣ್ಣದ ಶೇಷವಾಗಿರಲಾರದು. ಹಲವು ಸನ್‌ಸ್ಕ್ರೀನ್‌ಗಳಲ್ಲಿ ಅವೊಬೆಂಜೋನ್ ಎಂಬ, ಸೂರ್ಯನ ಯುವಿಎ ಕಿರಣಗಳನ್ನು ಹೀರುವ ರಾಸಾಯನಿಕವಿರುತ್ತದೆ. ಪದಾರ್ಥಗಳ ಪಟ್ಟಿಯಲ್ಲಿ ಇದು ಬ್ಯುಟೈಲ್ ಮೆಥಾಕ್ಸಿಡೈಬೆಂಜಾಯ್ಲ್‌ಮೀಥೇನ್ ಎಂಬ ಉದ್ದನೆಯ ಹೆಸರಿನಲ್ಲಿಯೂ ಇರಬಹುದು. ಬಟ್ಟೆಯಲ್ಲಿ ಕಣ್ಣಿಗೆ ಕಾಣದಂತೆ ಉಳಿದ ಈ ರಾಸಾಯನಿಕ ನೀರಿನಲ್ಲಿರುವ ಕಬ್ಬಿಣಾಂಶದೊಡನೆ ಸೇರಿದರೆ ತುಕ್ಕಿನಂಥ ಬಣ್ಣ ಹುಟ್ಟುತ್ತದೆ. ಕ್ಲೋರಿನ್ ಬ್ಲೀಚ್ ಇದನ್ನು ತಿಳಿಗೊಳಿಸುವ ಬದಲು ಗಾಢಗೊಳಿಸುತ್ತದೆ. ಒಗೆಯುವ ಸೋಡಾದಂಥ ಕ್ಷಾರವೂ ಇಲ್ಲಿ ನೆರವಾಗುವುದಿಲ್ಲ. ಕಂದು ಕಲೆಗೆ ಜಿಡ್ಡು ಬಿಡಿಸುವ ದ್ರವ ಬೇಕಿದ್ದಂತೆ, ಈ ಕಿತ್ತಳೆ ಕಲೆಗೆ ಕಬ್ಬಿಣವನ್ನು ಹಿಡಿದೊಯ್ಯುವ ಹುಳಿ ಬೇಕು.

ಮೊದಲು ಬ್ಲೀಚಿನ ವಾಸನೆ ಲವಲೇಶವೂ ಉಳಿಯದಂತೆ ಅಂಗಿಯನ್ನು ಹಲವು ಬಾರಿ ನೀರು ಬದಲಿಸಿ ತೊಳೆಯಿರಿ. ಬ್ಲೀಚಿಗೆ ಯಾವುದೇ ಆಮ್ಲ ಸೇರಿದರೂ ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ. ಈ ಮಾತನ್ನು ಲಘುವಾಗಿ ತೆಗೆದುಕೊಳ್ಳಲೇಬಾರದು. ಸಾಧ್ಯವಾದರೆ ಒಂದು ದಿನ ಬಿಟ್ಟು ಮುಂದುವರಿಯಿರಿ. ಜಿಡ್ಡು ಉಳಿದಿದ್ದರೆ ಹುಳಿ ಒಳಗಿಳಿಯದು, ಆದ್ದರಿಂದ ಪಾತ್ರೆ ತೊಳೆಯುವ ದ್ರವದಿಂದ ಆ ಜಾಗವನ್ನು ಇನ್ನೊಮ್ಮೆ ಶುಚಿಗೊಳಿಸಿ. ಬಳಿಕ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಒಂದು ಟೀ ಚಮಚ ಸಿಟ್ರಿಕ್ ಆಮ್ಲ ಕರಗಿಸಿ, ಕಲೆಯಾದ ಭಾಗವನ್ನು ಅದರಲ್ಲಿ ಅರ್ಧ ಗಂಟೆ ನೆನೆಸಿ. ಸಿಟ್ರಿಕ್ ಆಮ್ಲವಿಲ್ಲದಿದ್ದರೆ ನಿಂಬೆರಸವೂ ಆದೀತು, ಅದರ ಕೆಲಸ ಮಾತ್ರ ನಿಧಾನ. ಹುಳಿ ಬಟ್ಟೆಯ ಮೇಲೆಯೇ ಒಣಗಿದರೆ ಹತ್ತಿಯ ನೂಲು ದುರ್ಬಲವಾಗುವುದರಿಂದ ಸಮಯವಾದ ಕೂಡಲೇ ಚೆನ್ನಾಗಿ ಜಾಲಾಡಿಸಬೇಕು. ಬಣ್ಣ ತೆಳುವಾಗಿದ್ದರೂ ಪೂರ್ತಿ ಹೋಗಿರದಿದ್ದರೆ ಇದನ್ನೇ ಮತ್ತೊಮ್ಮೆ ಮಾಡಿ. ಇದಕ್ಕೂ ಜಗ್ಗದ ಕಲೆಗೆ ಬಟ್ಟೆಯ ತುಕ್ಕು ತೆಗೆಯುವ ದ್ರಾವಣಗಳಿವೆ. ಅವುಗಳಲ್ಲಿ ಆಕ್ಸಾಲಿಕ್ ಆಮ್ಲದಂಥ ವಿಷಕಾರಿ ಪದಾರ್ಥಗಳಿರುವುದರಿಂದ ಕೈಗವಸು ತೊಟ್ಟು, ಮಕ್ಕಳ ಕೈಗೆಟುಕದಂತೆ ಇಟ್ಟು, ಡಬ್ಬಿಯ ಸೂಚನೆಯನ್ನು ಮೀರದೆ ಬಳಸಿ.

ಪ್ರಶ್ನೆ: ರೇಷ್ಮೆ ಬಟ್ಟೆಗೆ ಇಂಥ ಕಲೆಯಾದರೆ?

ಉತ್ತರ: ಪೌಡರ್ ಉದುರಿಸಿ, ಒತ್ತಿ ತೆಗೆಯುವಷ್ಟಕ್ಕೆ ನಿಲ್ಲಿಸಿ, ಡ್ರೈ ಕ್ಲೀನಿಂಗಿಗೆ ಕೊಡಿ. ಕ್ಲೋರಿನ್ ಬ್ಲೀಚ್ ರೇಷ್ಮೆಯನ್ನೂ ಉಣ್ಣೆಯನ್ನೂ ಹಾಳುಮಾಡುತ್ತದೆ. ಪ್ರೋಟೀನ್ ಒಡೆಯುವ ಕಿಣ್ವವಿರುವ ಡಿಟರ್ಜೆಂಟ್ ಕೂಡ ಇವಕ್ಕೆ ಸಲ್ಲದು, ಏಕೆಂದರೆ ಈ ನೂಲುಗಳೇ ಪ್ರೋಟೀನಿನಿಂದ ಆದವು. ಬಟ್ಟೆ ಕೊಡುವಾಗ ಕಲೆ ಬಣ್ಣದ ಸನ್‌ಸ್ಕ್ರೀನಿನದೆಂದು ಬಾಯಿಬಿಟ್ಟು ಹೇಳಿ. ಕಲೆ ಯಾವುದರದೆಂದು ತಿಳಿದರೆ ಅವರು ತಕ್ಕ ದ್ರಾವಕವನ್ನು ಆರಿಸಿಕೊಳ್ಳುತ್ತಾರೆ.

ಪ್ರಶ್ನೆ: ಕಲೆಯ ಭಯಕ್ಕೆ ಸನ್‌ಸ್ಕ್ರೀನನ್ನು ತೆಳುವಾಗಿ ಹಚ್ಚಿಕೊಳ್ಳತೊಡಗಿದ್ದೇನೆ. ಇದು ಸರಿಯೇ?

ಉತ್ತರ: ಸರಿಯಲ್ಲ. ಡಬ್ಬಿಯ ಮೇಲಿನ ಎಸ್‌ಪಿಎಫ್ ಸಂಖ್ಯೆಯನ್ನು, ಅಂದರೆ ಬಿಸಿಲಿನಿಂದ ಸಿಗುವ ರಕ್ಷಣೆಯ ಅಳತೆಯನ್ನು, ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಲೇಪದ ಲೆಕ್ಕದಲ್ಲಿ ಅಳೆದಿರುತ್ತಾರೆ. ಲೇಪ ತೆಳುವಾದರೆ ರಕ್ಷಣೆಯೂ ಕುಗ್ಗುತ್ತದೆ. ಐರನ್ ಆಕ್ಸೈಡ್ ಕೇವಲ ಅಲಂಕಾರಕ್ಕಿರುವುದೂ ಅಲ್ಲ. ಕಣ್ಣಿಗೆ ಕಾಣುವ ಬೆಳಕನ್ನೂ ಅದು ತಡೆಯುವುದರಿಂದ ಮುಖದಲ್ಲಿ ಬಂಗಿನ ತೊಂದರೆ ಇರುವವರಿಗೆ ಚರ್ಮವೈದ್ಯರು ಬಣ್ಣದ ಸನ್‌ಸ್ಕ್ರೀನನ್ನೇ ಸೂಚಿಸುವುದುಂಟು. ಹಾಗಾಗಿ ಮುಖಕ್ಕೆ ಅದನ್ನೇ ಇಟ್ಟುಕೊಂಡು, ಕಾಲರ್ ತಾಗುವ ಕುತ್ತಿಗೆಯ ಭಾಗಕ್ಕೆ ಬಣ್ಣವೂ ಅವೊಬೆಂಜೋನೂ ಇಲ್ಲದ, ಜಿಂಕ್ ಆಕ್ಸೈಡಿನದನ್ನು ಬಳಸಿ. ಗಾಢ ಬಣ್ಣದ ಬಟ್ಟೆಗೆ ಇದು ಬಿಳಿ ಗುರುತು ಮಾಡಬಹುದು, ಆದರೆ ಕಂದು ಕಲೆ ಆಗದು. ಹಚ್ಚಿಕೊಂಡ ಮೇಲೆ ಹದಿನೈದು ನಿಮಿಷವಾದರೂ ಒಣಗಲು ಬಿಟ್ಟು ಬಟ್ಟೆ ತೊಡಿ. ಸಂಜೆ ಅಂಗಿ ಕಳಚಿದಾಗ ಕಾಲರಿನ ಒಳಮಗ್ಗುಲಲ್ಲಿ ಏನೂ ಕಾಣದಿದ್ದರೂ, ಒಗೆಯುವ ಬಟ್ಟೆಗಳ ಬುಟ್ಟಿಗೆ ಹಾಕುವ ಮೊದಲು ಅಲ್ಲಿಗೆ ಎರಡು ಹನಿ ದ್ರವ ಡಿಟರ್ಜೆಂಟ್ ಸವರಿಡಿ.