ಜ್ಯಾಮಿತಿ ಮತ್ತು ಪವಿತ್ರ ವಿನ್ಯಾಸಗಳನ್ನು ಬಳಸುವ ಈಗಿನ ಶಿಲ್ಪಿಗಳು ಯಾರಿದ್ದಾರೆ?

ನಾನು ಮೊದಲು ಹೇಳುವ ಹೆಸರು ಅನಿಲಾ ಕಯ್ಯೂಮ್ ಆಘಾ. ಹುಟ್ಟಿದ್ದು ಲಾಹೋರ್‌ನಲ್ಲಿ, 1965ರಲ್ಲಿ. ಈಗ ಅಮೆರಿಕದ ಕಲಾವಿದೆ.

ಅವರ ‘ಇಂಟರ್‌ಸೆಕ್ಷನ್ಸ್’ (2013) ನೋಡಿ. ಆರೂವರೆ ಅಡಿಯ ಚೌಕದ ಮರದ ಪೆಟ್ಟಿಗೆ, ಮೈತುಂಬಾ ಲೇಸರ್‌ನಿಂದ ಕೊರೆದ ಜಾಲರಿ, ಒಳಗೆ ಒಂದೇ ಒಂದು ಬಲ್ಬ್. ಅದು ಹತ್ತಿದರೆ ಸಾಕು, ಗೋಡೆ, ನೆಲ, ಚಾವಣಿ ಎಲ್ಲಾ ಕಡೆ ನೆರಳಿನ ಚಿತ್ತಾರ. ಕೋಣೆಯೊಳಗೆ ಬಂದವರ ಮುಖ, ಬಟ್ಟೆ ಮೇಲೂ ಅದೇ! ಬೆಳಕು ನಡುವಿನ ಒಂದು ಬಿಂದುವಿನಿಂದ ಹರಡುವುದರಿಂದ ದೂರ ಹೋದಷ್ಟೂ ಚಿತ್ತಾರ ದೊಡ್ಡದಾಗುತ್ತದೆ. ನನಗಂತೂ ಪೆಟ್ಟಿಗೆಗಿಂತ ಆ ನೆರಳೇ ಜಾಸ್ತಿ ಇಷ್ಟ.

ಇದು ಸುಮ್ನೆ ಅಲಂಕಾರ ಅಲ್ಲ. ಲಾಹೋರ್‌ನಲ್ಲಿ ಬೆಳೆಯುವಾಗ ಹೆಣ್ಣು ಅನ್ನುವ ಕಾರಣಕ್ಕೆ ಅವರಿಗೆ ಮಸೀದಿಯ ಪ್ರಾರ್ಥನೆ ಸಿಗಲಿಲ್ಲ. ಮುಂದೆ ಸ್ಪೇನ್‌ನ ಅಲ್ಹಂಬ್ರಾ ಅರಮನೆಗೆ ಹೋದಾಗ, ಅದೇ ಬಗೆಯ ಇಸ್ಲಾಮಿ ವಿನ್ಯಾಸಗಳ ನಡುವೆ ಯಾರ ಅಡ್ಡಿಯೂ ಇಲ್ಲದೆ ನಿಂತರು. ಆ ಅನುಭವವೇ ಈ ಕೃತಿಯ ಬೇರು. ಹಾಗಾಗಿಯೇ ಇದರ ನೆರಳಿನೊಳಗೆ ಎಲ್ಲರಿಗೂ ಜಾಗವಿದೆ.

2014ರ ಆರ್ಟ್‌ಪ್ರೈಸ್ ಸ್ಪರ್ಧೆಯಲ್ಲಿ ಜನರ ಮತದ ದೊಡ್ಡ ಬಹುಮಾನ ಇದಕ್ಕೇ ಬಂತು. ತೀರ್ಪುಗಾರರ ಬಹುಮಾನವನ್ನು ಇನ್ನೊಬ್ಬ ಕಲಾವಿದೆಯ ಜೊತೆ ಹಂಚಿಕೊಂಡರು. ಫೋಟೋಗಿಂತ ವಿಡಿಯೋ ನೋಡಿ. ಜನ ಓಡಾಡುವಾಗಲೇ ಇದರ ಸೊಗಸು ಗೊತ್ತಾಗುವುದು.