ಕಡಲ ಮೀನುಗಾರಿಕೆಯ ನಿರ್ವಹಣೆಯಲ್ಲಿ ಮೀನುಗಾರರಿಗೆ ಪಾಲು ಕೊಡುವುದೆಂದರೆ ಬರೀ ಸಭೆಗೆ ಕರೆಯುವುದೇ?

ಅಲ್ಲ. ನಾನು ಮಂಡ್ಯದವನಾದ್ದರಿಂದ ವಿಶ್ವೇಶ್ವರಯ್ಯ ನಾಲೆಯ ಉದಾಹರಣೆಯೇ ಮೊದಲು ನೆನಪಾಗುತ್ತದೆ: ನೀರು ಬಳಕೆದಾರರ ಸಂಘ ಕಾಗದದ ಮೇಲೆ ಎಲ್ಲರದ್ದಾದರೂ, ನೀರು ಬಿಡುವ ಸರದಿಯನ್ನು ನಿರ್ಧರಿಸುವಾಗ ನಾಲೆಯ ಕೊನೆಯ ಭಾಗದ ರೈತನ ಮಾತು ನಡೆಯದಿದ್ದರೆ ಅವನ ಸದಸ್ಯತ್ವಕ್ಕೆ ಅರ್ಥವಿಲ್ಲ. ಕಡಲಿನಲ್ಲಿ ಆ ಸ್ಥಾನ ನಾಡದೋಣಿಯವರದ್ದು. ಮೀನು ಮಾರುವ ಹೆಂಗಸರಂತೂ ಅನೇಕ ಕಡೆ ಲೆಕ್ಕಕ್ಕೇ ಬರುವುದಿಲ್ಲ.

ಟರ್ಕಿಯ ಅಲಾನ್ಯದಲ್ಲಿ ಮೀನುಗಾರರು ರೂಪಿಸಿಕೊಂಡ ಕ್ರಮವನ್ನು 2009ರ ಅರ್ಥಶಾಸ್ತ್ರದ ನೊಬೆಲ್ ಪುರಸ್ಕೃತೆ ಎಲಿನಾರ್ ಆಸ್ಟ್ರಮ್ ತಮ್ಮ ಬರಹದಲ್ಲಿ ವಿವರಿಸಿದ್ದಾರೆ. ಅಲ್ಲಿ ಪ್ರತಿ ಸೆಪ್ಟೆಂಬರ್‌ನಲ್ಲಿ ಅರ್ಹರ ಪಟ್ಟಿ ಮಾಡಿ, ಬಲೆ ಹಾಕುವ ಜಾಗಗಳನ್ನು ಚೀಟಿ ಎತ್ತಿ ಹಂಚುತ್ತಿದ್ದರು. ಜನವರಿಯವರೆಗೆ ಪ್ರತಿಯೊಬ್ಬರೂ ದಿನಕ್ಕೊಂದು ಜಾಗ ಪೂರ್ವಕ್ಕೂ, ಅನಂತರ ಪಶ್ಚಿಮಕ್ಕೂ ಸರಿಯುತ್ತಿದ್ದುದರಿಂದ ಒಳ್ಳೆಯ ಜಾಗ ಎಲ್ಲರಿಗೂ ಸಿಗುತ್ತಿತ್ತು. ಸರದಿ ತಪ್ಪಿಸಿದವನನ್ನು ಆ ದಿನದ ಹಕ್ಕುದಾರನೇ ಹಿಡಿಯುತ್ತಿದ್ದನು. ನಿಯಮ ಮಾಡಿದವರೇ ಅದರ ಕಾವಲುಗಾರರೂ ಆಗಿದ್ದರು ಎಂಬುದೇ ಇಲ್ಲಿನ ಸ್ವಾರಸ್ಯ.

ನಮ್ಮಲ್ಲಿ 1986ರ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆಯು ಅಧಿಕಾರವನ್ನು ಮುಖ್ಯವಾಗಿ ಇಲಾಖೆಯ ಕೈಯಲ್ಲಿಟ್ಟಿದೆ. ಜೂನ್, ಜುಲೈ ತಿಂಗಳ 61 ದಿನಗಳ ಯಾಂತ್ರೀಕೃತ ಮೀನುಗಾರಿಕೆಯ ನಿಷೇಧವೂ ಸರ್ಕಾರದ ಆದೇಶವೇ. ನೆರೆಯ ಕೇರಳವು ತನ್ನ ಕಾಯ್ದೆಗೆ ತಿದ್ದುಪಡಿ ತಂದು ಗ್ರಾಮ, ಜಿಲ್ಲೆ, ರಾಜ್ಯ ಎಂಬ ಮೂರು ಹಂತದ ಮೀನುಗಾರಿಕಾ ನಿರ್ವಹಣಾ ಮಂಡಳಿಗಳಿಗೆ ಅವಕಾಶ ಕಲ್ಪಿಸಿದೆ. ಆದರೂ ಅಂಥ ಮಂಡಳಿಯು ಬಲೆಯ ಕಣ್ಣಿನ ಅಳತೆಯನ್ನೋ ದಂಡವನ್ನೋ ತಾನೇ ನಿಶ್ಚಯಿಸಬಲ್ಲದೇ, ಅಥವಾ ಕೇವಲ ಸಲಹೆ ನೀಡುತ್ತದೆಯೇ ಎಂಬುದನ್ನು ನೋಡಿಯೇ ಅದರ ಪ್ರಜಾಸತ್ತೆಯನ್ನು ಅಳೆಯಬೇಕೆಂಬುದು ನನ್ನ ಅಭಿಪ್ರಾಯ.